ಎಡಗಡೆಯ ಜೇಬು

ಬಳ್ಳಾರಿಯ ಹೋಟೆಲಿನಲ್ಲಿ ಮೂರು ದಿನ ತರಬೇತಿ.
ಎ.ಸಿ.ಗೆ ನಡುಗುತ್ತ ಸೆರಗು ಹೊದ್ದು ಕೂತಿದ್ದೆ.
ಟೈ ಕಟ್ಟಿದವರು ಹೇಳಿದರು:
ಪೆಟ್ಟಿಗೆಯ ಹೊರಗೆ ನಿಂತು ಯೋಚಿಸಿ, ಮೇಡಂ.
ಬರೆದುಕೊಂಡೆ.
ಬರೆಯುತ್ತಲೇ ಅಂದುಕೊಂಡೆ, ಯಾವ ಪೆಟ್ಟಿಗೆ?
ನಮ್ಮ ಶೆಡ್ಡಿನಲ್ಲಿರುವುದು ಬಾಬಿನ್ ಪೆಟ್ಟಿಗೆ, ಗುಂಡಿ ಪೆಟ್ಟಿಗೆ,
ಅಪ್ಪ ಬಿಟ್ಟುಹೋದ ಕಬ್ಬಿಣದ ಗಲ್ಲಾಪೆಟ್ಟಿಗೆ.
ಅದರ ಹೊರಗೇ ಇದ್ದೇನೆ ನಾಲ್ಕು ವರ್ಷದಿಂದ,
ಒಳಗೆ ಏನೂ ಇಲ್ಲದ್ದರಿಂದ.

ರಾಯದುರ್ಗದಲ್ಲಿ ಬಸ್ಸಿಳಿದರೆ
ಓಣಿಯುದ್ದಕ್ಕೂ ಮಿಷನ್ನಿನ ಸದ್ದು, ಚರಂಡಿಯಲ್ಲಿ ನೀಲಿ ನೀರು.
ನಮ್ಮೂರಲ್ಲಿ ಯಾರ ಉಗುರು ನೋಡಿದರೂ ಗೊತ್ತಾಗುತ್ತದೆ
ಅನ್ನ ಯಾವ ಬಣ್ಣದ್ದು ಅಂತ.

ಫೈಲು ಬಿಚ್ಚಿ ಮರುದಿನವೇ ನಾಯಕಿಯಾದೆ.
ಇಪ್ಪತ್ತೆಂಟು ಮಿಷನ್ನು ಎಳೆಸಿ
ಕುದುರೆಲಾಳದ ಹಾಗೆ ಜೋಡಿಸಿದೆ, ಹಾಳೆಯಲ್ಲಿದ್ದ ಚಿತ್ರದಂತೆ.
ಲಾಳ ಚೆನ್ನಾಗಿತ್ತು.
ಫ್ಯಾನುಗಳು ಮಾತ್ರ ಹಳೇ ಜಾಗದಲ್ಲೇ
ಖಾಲಿ ನೆಲಕ್ಕೆ ಗಾಳಿ ಬೀಸುತ್ತ ತಿರುಗಿದವು.
ಮೂರನೇ ದಿನ, ಮಿಷನ್ನಿಗೆ ಎಣ್ಣೆ ಹಾಕುವ ಹೊನ್ನೂರ್‌ವಲಿ
ಬೆವರು ಒರೆಸಿಕೊಳ್ಳುತ್ತ ಕೇಳಿದ:
“ಅಕ್ಕಾ, ಕುದುರೆ ಯಾವಾಗ ಬರ್ತೈತೆ?”
ಎಲ್ಲರೂ ನಕ್ಕರು. ನಾನು ನಗಲಿಲ್ಲ.
ರಾತ್ರಿ ಒಬ್ಬಳೇ ನಕ್ಕೆ.
ಆ ವಾರ ನೂರೆಪ್ಪತ್ತು ಪ್ಯಾಂಟು ಕಮ್ಮಿ ಬಿತ್ತು.

ಆಮೇಲೆ ಬಾಗಿಲ ಪಕ್ಕ ಸಲಹೆ ಪೆಟ್ಟಿಗೆ, ಬೀಗ ಸಮೇತ.
ತಿಂಗಳ ಕೊನೆಗೆ ತೆಗೆದರೆ
ಹರಿದ ಹತ್ತರ ನೋಟು,
ತೆಲುಗಿನಲ್ಲಿ ‘ಫ್ಯಾನ್’ ಅಂತ ಒಂದು ಚೀಟಿ,
ಕನ್ನಡದಲ್ಲಿ ‘ಫ್ಯಾನ್’ ಅಂತ ಎರಡು,
ಮತ್ತೆ ಒಂದು ಜೇಬು.

ಬರೀ ಜೇಬು. ಪ್ಯಾಂಟಿಲ್ಲದ್ದು.
ಕೈ ಹಾಕಿದೆ, ಮಣಿಕಟ್ಟಿನವರೆಗೆ ಇಳಿಯಿತು.
ಒಳಗೊಂದು ಮಡಿಕೆ, ಮಡಿಕೆಯೊಳಗೆ ಪುಟ್ಟ ಕಿಸೆ,
ಮೂರು ಹೊಲಿಗೆ ಬೀಳುವ ಕಡೆ ಎರಡೇ.
ಮೂಲೆಯಲ್ಲಿ ಕೆಂಪು ನೂಲಿನ ಗಂಟು.

ಹುಲಿಗೆಮ್ಮ. ಹನ್ನೊಂದು ವರ್ಷದಿಂದ
ಹಿಂದಿನ ಎಡಗಡೆಯ ಜೇಬು ಮಾತ್ರ ಹೊಲಿಯುವವಳು.
ಬಲಗಡೆಯದು ಅವಳ ನಾದಿನಿಯದು.
ಒಂದು ಇಡೀ ಪ್ಯಾಂಟು ಅವಳ ಕೈಯಿಂದ ಎಂದೂ ಆಚೆ ಬಂದಿಲ್ಲ.
ಬರೆಯಲು ಬಾರದು. ಹೊಲಿದು ಹಾಕಿದ್ದಳು.
“ಹೆಂಗೆ ಹೊಳೀತು ಇದು?” ಕೇಳಿದೆ,
ತರಬೇತಿಯಲ್ಲಿ ಕಲಿತ ಹಾಗೆ ಕಣ್ಣಲ್ಲಿ ಕಣ್ಣಿಟ್ಟು.
ಅವಳು ಕಣ್ಣು ತಗ್ಗಿಸಿ ನೂಲು ಕಚ್ಚಿ ಹರಿದಳು.
“ನಮ್ಮನೆಯವರು ಗಾರೆ ಕೆಲಸ.
ಬಗ್ಗಿದಾಗೆಲ್ಲ ಫೋನು ಕಲಸಿದ ಸಿಮೆಂಟಿಗೆ.
ಎರಡು ಹೋದವು.
ಮೂರನೇದಕ್ಕೆ ದುಡ್ಡಿರಲಿಲ್ಲ. ಅದಕ್ಕೆ.”

ಅದಕ್ಕೆ.
ಫೈಲಿನ ಅರವತ್ತು ಹಾಳೆ ತಿರುವಿದೆ,
ಆ ಪದ ಎಲ್ಲೂ ಇರಲಿಲ್ಲ.

ಮಿಷನ್ನುಗಳನ್ನು ಫ್ಯಾನಿನ ಕೆಳಗೆ ತಳ್ಳಿದೆವು.
ಹುಲಿಗೆಮ್ಮನದೂ ನಾದಿನಿಯದೂ ಎದುರುಬದುರು,
ಅದು ಅವರೇ ಕೇಳಿದ್ದು.
ಪೆಟ್ಟಿಗೆಯ ಬೀಗ ಕಿತ್ತು ಗೋಡೌನಿಗೆ ಹಾಕಿದೆ,
ಅಲ್ಲಿ ಬೇಕಿತ್ತು.
ಶನಿವಾರ ಮೂರರ ಮೇಲೆ ತುಂಡುಬಟ್ಟೆ, ಮಿಷನ್ನು, ಯಾರಿಗೆ ಬೇಕಾದರೂ.
ಮೊದಲ ಶನಿವಾರ ಎಲ್ಲರೂ ಮನೆಗೆ ಹೋದರು.
ಎರಡನೆಯದಕ್ಕೂ.
ಮೂರನೆಯದಕ್ಕೆ ವಲಿ ಒಬ್ಬನೇ ಉಳಿದು
ಎಣ್ಣೆಡಬ್ಬಿಗೆ ಜೀನ್ಸಿನ ಅಂಗಿ ಹೊಲಿದ.
ಯಾತಕ್ಕೋ ಇದು, ಅಂತ ಬಾಯಿಗೆ ಬಂದದ್ದನ್ನು
ನೂಲಿನ ಹಾಗೆ ಕಚ್ಚಿ ಹಿಡಿದೆ.

ಅನಂತಪುರದ ಸಾಹುಕಾರ ಸುಂಕಣ್ಣ ಬಂದರು,
ಜೇಬು ಒಳಹೊರಗೆ ತಿರುವಿದರು.
“ಭೇಷ್. ಆದ್ರೆ ಈ ಕೆಂಪು ನೂಲು ತಪ್ಪಲ್ವೇನಮ್ಮಾ?
ತೆಗೆಸು. ಇಲ್ಲ, ಪೀಸಿಗೆ ನಾಲ್ಕು ರೂಪಾಯಿ ಇಳಿಸು.”
ಮಿಷನ್ನುಗಳ ಸದ್ದು ನಿಂತಿತು.
ಕರೆಂಟೇನೂ ಹೋಗಿರಲಿಲ್ಲ.

ಇಳಿಸಿದೆ.

ಆರುನೂರು ಪೀಸು, ನಾಲ್ಕರಂತೆ, ಎರಡು ಸಾವಿರದ ನಾನೂರು.
ಖರ್ಚಿಗೆ ಬರೆಯಲೋ, ನಷ್ಟಕ್ಕೋ, ಕೂಲಿಗೋ?
ಗಲ್ಲಾಪೆಟ್ಟಿಗೆಯ ಮೇಲೆ ಪುಸ್ತಕ ತೆರೆದು
ಅಂಕಿ ಬರೆದಿದ್ದೇನೆ.
ಎದುರಿನ ಖಾನೆ ಖಾಲಿ ಇದೆ ಇನ್ನೂ.